ದಾಸ್ತಾನು ಪುಸ್ತಕಕ್ಕೆ ಇನ್ನು ಮೂರು ಕಲಂ: ಹಳೆಯ ಕಂಪ್ಯೂಟರುಗಳ ಬಗ್ಗೆ ಕೋಲಾರ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಕೋಲಾರ ಜಿಲ್ಲೆ

ವಿಷಯ: ಕಚೇರಿ, ಶಾಲೆ, ಗ್ರಂಥಾಲಯ ಮತ್ತು ಸಹಕಾರ ಸಂಘಗಳ ಕಂಪ್ಯೂಟರುಗಳಲ್ಲಿ ಅವಧಿ ಮುಗಿದ ಆಪರೇಟಿಂಗ್ ಸಿಸ್ಟಮ್ ಬದಲಿಸುವ ಕಾಲವನ್ನು ನಿರ್ಧರಿಸುವ ಕುರಿತು

ಮಾನ್ಯರೇ,

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯವನು. ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕಂಪ್ಯೂಟರಿನ ಬಗ್ಗೆ ಒಂದಿಷ್ಟು ಗೊತ್ತು ಎಂಬ ಒಂದೇ ಕಾರಣಕ್ಕೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದವರು, ಪಕ್ಕದೂರಿನ ಗ್ರಂಥಾಲಯದವರು, ಪರಿಚಯದ ಒಂದೆರಡು ಕಚೇರಿಯವರು ಏನಾದರೂ ಕೆಟ್ಟಾಗ ನನಗೆ ಹೇಳಿ ಕಳುಹಿಸುತ್ತಾರೆ. ಆ ಓಡಾಟದಲ್ಲಿ ಮತ್ತೆ ಮತ್ತೆ ಕಂಡ ಒಂದು ವಿಷಯವನ್ನು ತಮ್ಮ ಗಮನಕ್ಕೆ ತರಲು ಇದನ್ನು ಬರೆಯುತ್ತಿದ್ದೇನೆ. ಯಾರ ಮೇಲೂ ದೂರು ಹೇಳುವ ಉದ್ದೇಶ ನನಗಿಲ್ಲ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅನ್ನು, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು, ಯಾವಾಗ ಬದಲಿಸಬೇಕೆಂಬ ತೀರ್ಮಾನವನ್ನು ನಾನು ನೋಡಿದ ಕಡೆಗಳಲ್ಲಿ ಯಾವ ಮನುಷ್ಯನೂ ತೆಗೆದುಕೊಳ್ಳುವುದಿಲ್ಲ, ಯಂತ್ರವೇ ತೆಗೆದುಕೊಳ್ಳುತ್ತದೆ; ಅದು ಕೆಟ್ಟು ನಿಂತ ದಿನವೇ ಬದಲಿಸುವ ದಿನ. ಈ ಪದ್ಧತಿ ಯಾಕೆ ತಪ್ಪು, ಇದರ ಬದಲಿಗೆ ಏನು ಮಾಡಬಹುದು ಎಂಬುದಷ್ಟೇ ಈ ಪತ್ರದ ವಿಚಾರ.

ಮೊದಲು ನಮ್ಮದೇ ಕಥೆ ಹೇಳಿಬಿಡುತ್ತೇನೆ. ನಾನು ಕಂಪ್ಯೂಟರು ನೋಡಿಕೊಳ್ಳುವ ಸಂಘವೊಂದರಲ್ಲಿ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡುವ ಪರೀಕ್ಷಾ ಯಂತ್ರ, ಎಲೆಕ್ಟ್ರಾನಿಕ್ ತಕ್ಕಡಿ, ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರು, ಈ ಮೂರನ್ನೂ ಒಂದು ಹಳೆಯ ಕಂಪ್ಯೂಟರಿಗೆ ಜೋಡಿಸಲಾಗಿತ್ತು. ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 7. ಒಂದು ದಿನ ಬೆಳಗಿನ ಐದೂಮುಕ್ಕಾಲಕ್ಕೆ ಕಾರ್ಯದರ್ಶಿಯ ಫೋನು ಬಂತು. ಹೋಗಿ ನೋಡಿದರೆ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಕ್ಯಾನು, ಬಿಂದಿಗೆ ಹಿಡಿದವರ ಸಾಲು. ಒಳಗೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ, ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸಿದರೆ ಮಾತ್ರ ಕಡತಗಳನ್ನು ಬಿಡಿಸಿಕೊಡುತ್ತೇವೆ ಎಂಬ ಬೆದರಿಕೆ. ಹಿಂದಿನ ದಿನ ಮಧ್ಯಾಹ್ನ ಬಿಲ್ಲಿನ ವೇಷದಲ್ಲಿ ಬಂದ ಇಮೇಲಿನ ಕಡತವೊಂದನ್ನು ಯಾರೋ ತೆರೆದಿದ್ದರು. ಕಾರ್ಯದರ್ಶಿ ಮಾತ್ರ ಅಷ್ಟೇನೂ ಗಾಬರಿಯಾಗಿರಲಿಲ್ಲ. "ಬ್ಯಾಕಪ್ ಐತೆ ಮೇಷ್ಟ್ರೇ, ದಿನಾ ಡಿ ಡ್ರೈವಿಗೆ ಹಾಕ್ತೀನಿ" ಎಂದರು. ಸಿ ಡ್ರೈವ್, ಡಿ ಡ್ರೈವ್ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಎರಡಕ್ಕೂ ಆ ರಾತ್ರಿಯೇ ಬೀಗ ಬಿದ್ದಿತ್ತು.

ಬಟವಾಡೆಗೆ ಇನ್ನು ಆರು ದಿನ ಇತ್ತು. ಒಂಬತ್ತು ದಿನದ ಲೆಕ್ಕ, ಹೊತ್ತಿಗೊಂದರಂತೆ ಹದಿನೆಂಟು ಸರದಿಯ ಲೆಕ್ಕ, ಯಾರ ಹಾಲು ಎಷ್ಟು ಲೀಟರು, ಯಾರದಕ್ಕೆ ಎಷ್ಟು ಫ್ಯಾಟ್ ಬಂತು ಎಂಬುದೆಲ್ಲ ಮಾಯವಾಗಿತ್ತು. ಸದಸ್ಯರ ಮನೆಯಲ್ಲಿದ್ದ ಚೀಟಿಗಳೇ ಕೊನೆಗೆ ಗತಿಯಾದವು. ದೇವರ ಪಟದ ಹಿಂದೆ, ಅಕ್ಕಿ ಡಬ್ಬಿಯೊಳಗೆ, ಸೀರೆಯ ಸೆರಗಿನ ಗಂಟಿನಲ್ಲಿ ಇಟ್ಟಿದ್ದ ಚೀಟಿಗಳನ್ನು ಹೆಂಗಸರು ತಂದು ಮೇಜಿನ ಮೇಲೆ ಸುರಿದರು. ಅದು ಬಿಸಿಗೆ ಅಕ್ಷರ ಮೂಡುವ ಕಾಗದ. ಕಿಟಕಿಯ ಬಳಿ, ಒಲೆಯ ಪಕ್ಕ ಇಟ್ಟವರ ಚೀಟಿಗಳಲ್ಲಿ ಏನೂ ಉಳಿದಿರಲಿಲ್ಲ, ಬರೀ ಬಿಳಿ. ಒಬ್ಬ ಅಜ್ಜಿ ಅಂಥ ಖಾಲಿ ಚೀಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದ್ರಾಗೆ ನಾಲ್ಕು ಲೀಟ್ರು ಇತ್ತಲ್ಲಪ್ಪ" ಎಂದರು. ಆಡಳಿತ ಮಂಡಳಿಯವರು ಅಂಥವರಿಗೆ ಹಿಂದಿನ ಬಟವಾಡೆಯ ಸರಾಸರಿ ಹಿಡಿದು ಹಣ ಕೊಟ್ಟರು. ಕೆಲವರಿಗೆ ಲಾಭವಾಯಿತು, ಕೆಲವರಿಗೆ ನಷ್ಟ. ಆಗಷ್ಟೇ ಕರು ಹಾಕಿದ ಹಸುವಿದ್ದವರಿಗೆ ಹೆಚ್ಚಿನ ನಷ್ಟ.

ಆ ಬಿಲ್ಲನ್ನು ಯಾರೂ ತೆರೆಯಬಾರದಿತ್ತು, ನಿಜ. ಹೊಸ ಯಂತ್ರವಿದ್ದರೂ ತೆರೆಯಬಾರದಿತ್ತು. ಆದರೆ ಯಂತ್ರವನ್ನು ಬಿಚ್ಚಿ ನೋಡಿದಾಗ ಅದಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2020ರ ಜನವರಿಯಲ್ಲಿ. ಅದರಲ್ಲಿದ್ದ ಕ್ರೋಮ್ ಬ್ರೌಸರು 109ನೇ ಆವೃತ್ತಿಗೆ ನಿಂತಿತ್ತು, ಏಕೆಂದರೆ ಗೂಗಲ್ 2023ರ ಫೆಬ್ರವರಿಯಿಂದ ವಿಂಡೋಸ್ 7ಕ್ಕೆ ಹೊಸ ಕ್ರೋಮ್ ಕೊಡುವುದನ್ನು ನಿಲ್ಲಿಸಿತ್ತು. ಅಂದರೆ ಮನೆಗೆ ಬಾಗಿಲೂ ಹಳೆಯದು, ಚಿಲಕವೂ ಹಳೆಯದು. ಇದನ್ನು ನಾನು ಆ ಘಟನೆಗಿಂತ ಮುಂಚೆ ಎರಡು ಸಲ ಹೇಳಿದ್ದೆ. ಎರಡು ಸಲವೂ ಬಂದ ಉತ್ತರ ಒಂದೇ: "ಓಡ್ತಾ ಐತಲ್ಲ ಮೇಷ್ಟ್ರೇ, ಓಡೋದನ್ನ ಯಾಕೆ ಮುಟ್ಟೋದು?"

ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೊಳವೆಬಾವಿಯ ಮೋಟಾರು, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಇವುಗಳ ನಡುವೆ ಬದುಕುವವರಿಗೆ ಅದು ಬಹಳ ಸರಿಯಾದ ಬುದ್ಧಿ. ಮೋಟಾರು ತನ್ನಷ್ಟಕ್ಕೆ ತಾನು ಸವೆಯುತ್ತದೆ, ಸವೆದಾಗ ಸದ್ದು ಮಾಡುತ್ತದೆ, ಸದ್ದು ಕೇಳಿದವನು ಮೆಕ್ಯಾನಿಕ್ಕನ್ನು ಕರೆಯುತ್ತಾನೆ. ಆಪರೇಟಿಂಗ್ ಸಿಸ್ಟಮ್ ಸವೆಯುವುದಿಲ್ಲ. ಹತ್ತು ವರ್ಷದ ಹಿಂದೆ ಹೇಗಿತ್ತೋ ಇಂದೂ ಹಾಗೆಯೇ ಇರುತ್ತದೆ, ಮತ್ತು ಅಪಾಯ ಇರುವುದು ಅದರಲ್ಲಿಯೇ. ನಮ್ಮ ಜಿಲ್ಲೆ ಕೆರೆಗಳ ಜಿಲ್ಲೆಯಾದ್ದರಿಂದ ಕೆರೆಯ ಮಾತಿನಲ್ಲೇ ಹೇಳುವುದಾದರೆ, ತಯಾರಕರ ಬೆಂಬಲ ಎಂಬುದು ನೀರುಗಂಟಿಯ ಕೆಲಸದಂಥದ್ದು. ಏರಿಯ ಮೇಲೆ ನಡೆದು ಎಲ್ಲಿ ಇಲಿ ಬಿಲ ತೋಡಿದೆ, ತೂಬಿನ ಹತ್ತಿರ ಎಲ್ಲಿ ನೀರು ಜಿನುಗುತ್ತಿದೆ ಎಂದು ನೋಡಿ ಆಗಾಗ ಮುಚ್ಚುವವನು ಅವನು. ನೀರುಗಂಟಿ ಕೆಲಸ ಬಿಟ್ಟ ಮರುದಿನ ಕೆರೆ ನೋಡಲು ಹಿಂದಿನ ದಿನದಂತೆಯೇ ಇರುತ್ತದೆ. ನೀರೂ ಅಷ್ಟೇ ಇರುತ್ತದೆ.

ಮೈಕ್ರೋಸಾಫ್ಟ್ ಕಂಪನಿ ಪ್ರತಿ ತಿಂಗಳ ಎರಡನೇ ಮಂಗಳವಾರ ತನ್ನ ವಿಂಡೋಸ್‌ಗೆ ಭದ್ರತಾ ತೇಪೆಗಳನ್ನು, ಅಂದರೆ ತೂತು ಮುಚ್ಚುವ ಅಪ್‌ಡೇಟ್‌ಗಳನ್ನು, ಬಿಡುಗಡೆ ಮಾಡುತ್ತದೆ. 2003ರಿಂದ ನಡೆದುಬಂದಿರುವ ಕ್ರಮ ಇದು. ಒಂದು ಆವೃತ್ತಿಯ ಬೆಂಬಲ ಮುಗಿದ ಮೇಲೆ ಆ ತೇಪೆ ಹೊಸ ಆವೃತ್ತಿಗೆ ಮಾತ್ರ ಬರುತ್ತದೆ. ಹೊಸ ವಿಂಡೋಸ್ ಎಂದರೆ ಪೂರಾ ಹೊಸದೇನಲ್ಲ, ಹಳೆಯದರ ಬಹಳಷ್ಟು ಭಾಗ ಅದರೊಳಗೆ ಹಾಗೇ ಇರುತ್ತದೆ. ಹೀಗಾಗಿ ಹೊಸದಕ್ಕೆ ತೇಪೆ ಹಾಕಿದ ದಿನ, ತೇಪೆ ಎಲ್ಲಿ ಬಿದ್ದಿತು ಎಂದು ಹೋಲಿಸಿ ನೋಡುವ ಕಳ್ಳನಿಗೆ ಹಳೆಯದರಲ್ಲಿ ತೂತು ಎಲ್ಲಿದೆ ಎಂಬುದು ಪುಕ್ಕಟೆಯಾಗಿ ಗೊತ್ತಾಗುತ್ತದೆ. ಹಳೆಯ ಯಂತ್ರದ ಅಪಾಯ ಇದ್ದಲ್ಲೇ ಇರದೆ ತಿಂಗಳಿಂದ ತಿಂಗಳಿಗೆ ಏರುತ್ತ ಹೋಗುವುದು ಈ ಕಾರಣಕ್ಕೆ. ಆಂಟಿವೈರಸ್ ಇದೆಯಲ್ಲ ಎನ್ನುವವರುಂಟು. ವಿಂಡೋಸ್ 10ರೊಳಗಿನ ಡಿಫೆಂಡರ್‌ಗೆ 2028ರ ಅಕ್ಟೋಬರಿನವರೆಗೂ ಹೊಸ ವೈರಸ್‌ಗಳ ಗುರುತಿನ ಪಟ್ಟಿ ಬರುತ್ತಿರುತ್ತದೆ, ಹಾಗಾಗಿ ಯಂತ್ರ ಇನ್ನೂ ಅಪ್‌ಡೇಟ್ ಆಗುತ್ತಿದೆ ಎಂಬ ಭ್ರಮೆ ಹುಟ್ಟುವುದು ಸಹಜ. ಆದರೆ ಕಳ್ಳರ ಫೋಟೋ ಗೋಡೆಗೆ ಅಂಟಿಸುವುದು ಬೇರೆ, ಗೋಡೆಯ ಕನ್ನ ಮುಚ್ಚುವುದು ಬೇರೆ.

2017ರ ಮೇ 12ರಂದು ಹರಡಿದ ವನ್ನಾಕ್ರೈ ದಾಳಿಯನ್ನು ಇಲ್ಲಿ ನೆನೆಯಬೇಕು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರುಗಳಿಗೆ ಅದು ಬೀಗ ಹಾಕಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ (ಆಸ್ಪತ್ರೆ ಮುಂತಾದವನ್ನು ನಡೆಸುವ ಘಟಕಗಳಲ್ಲಿ) ಕನಿಷ್ಠ 81ಕ್ಕೆ ತೊಂದರೆಯಾಗಿ, ಅಂದಾಜು 19 ಸಾವಿರಕ್ಕೂ ಹೆಚ್ಚು ರೋಗಿಗಳ ಭೇಟಿ ರದ್ದಾದವು. ನಂಗಲಿ ದಾಟಿದರೆ ಸಿಗುವ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಆ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು, ಅಂದರೆ ದಾಳಿಗೆ 59 ದಿನ ಮುಂಚೆ. ಬೆಂಬಲ ಮುಗಿದು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿ ಎಂಬ ಹಳೆಯ ಆವೃತ್ತಿಗೆ ದಾಳಿಯ ಮರುದಿನ ವಿಶೇಷವಾಗಿ ತೇಪೆ ಬಿಟ್ಟರು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಈ ಪ್ರಕರಣವನ್ನು ಹಳೆಯ ಯಂತ್ರಗಳ ವಿರುದ್ಧದ ಸಾಕ್ಷಿಯಾಗಿ ಮಾತ್ರ ಹೇಳುವುದು ರೂಢಿ. ಗಣಿತದವನಾದ ನನಗೆ ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗುವುದಿಲ್ಲ, ಏಕೆಂದರೆ ಅಂದು ಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು, ಮತ್ತು ಅದಕ್ಕೆ ಆಗ ಇನ್ನೂ ಬೆಂಬಲವಿತ್ತು. ತೇಪೆ ಸಿಗುತ್ತಿತ್ತು, ಹಾಕಿಕೊಂಡಿರಲಿಲ್ಲ. ಹೊಸ ಕಂಪ್ಯೂಟರು ಕೊಂಡು ಅಪ್‌ಡೇಟ್ ನಿಲ್ಲಿಸಿಟ್ಟರೆ ಹಳೆಯದಕ್ಕೂ ಅದಕ್ಕೂ ವ್ಯತ್ಯಾಸ ಬಹಳವೇನೂ ಉಳಿಯುವುದಿಲ್ಲ.

ಇನ್ನು ಕಾಲದ ವಿಚಾರ. ನಮ್ಮ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ 2001ರಲ್ಲೇ ವಿಂಡೋಸ್ ಎಕ್ಸ್‌ಪಿ ಬಂದದ್ದು. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. 2009ರ ವಿಂಡೋಸ್ 7ರದು 2020ರ ಜನವರಿ 14ಕ್ಕೆ. 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಕೊನೆಯ ದಿನಾಂಕ ಇದ್ದಕ್ಕಿದ್ದಂತೆ ಬಂದ ಸಿಡಿಲೇನಲ್ಲ, ಹತ್ತು ವರ್ಷ ಮುಂಚೆ, ಅದು ಮಾರುಕಟ್ಟೆಗೆ ಬಂದ ಕಾಲಕ್ಕೇ ಪ್ರಕಟವಾಗಿತ್ತು. ನೌಕರನ ನಿವೃತ್ತಿಯ ದಿನಾಂಕ ಅವನು ಸೇವೆಗೆ ಸೇರಿದ ದಿನವೇ ಸೇವಾ ಪುಸ್ತಕದಿಂದ ತಿಳಿಯುತ್ತದಲ್ಲವೇ? ಕಂಪ್ಯೂಟರಿಗೂ ಹಾಗೆಯೇ ಇದೆ. ಅದನ್ನು ಬರೆದಿಡುವ ಪುಸ್ತಕ ಮಾತ್ರ ಇಲ್ಲ. ಕಚೇರಿಯ ದಾಸ್ತಾನು ಪುಸ್ತಕದಲ್ಲಿ ಕಂಪ್ಯೂಟರ್ ಒಂದು, ಮಾನಿಟರ್ ಒಂದು, ಕೊಂಡ ದಿನಾಂಕ, ಬಿಲ್ ಸಂಖ್ಯೆ, ಬೆಲೆ ಎಂದು ಬರೆದಿರುತ್ತದೆ. ಕುರ್ಚಿ, ಬೀರುಗಳ ಸಾಲಿನಲ್ಲೇ ಅದಕ್ಕೂ ಜಾಗ. ಒಳಗೆ ಯಾವ ಆಪರೇಟಿಂಗ್ ಸಿಸ್ಟಮ್ ಇದೆ ಎಂಬುದಕ್ಕೆ ಕಲಂ ಇಲ್ಲ.

ಆದ್ದರಿಂದ ನನ್ನ ಮುಖ್ಯ ಕೋರಿಕೆ ಬಹಳ ಸಣ್ಣದು, ಮತ್ತು ಅದಕ್ಕೆ ಹಣ ಬೇಕಿಲ್ಲ. ಜಿಲ್ಲೆಯ ಪ್ರತಿ ಕಚೇರಿ, ಶಾಲೆ, ಗ್ರಾಮ ಪಂಚಾಯಿತಿ, ಗ್ರಂಥಾಲಯದ ದಾಸ್ತಾನು ಪುಸ್ತಕದಲ್ಲಿ ಕಂಪ್ಯೂಟರಿನ ಸಾಲಿಗೆ ಮೂರು ಕಲಂಗಳನ್ನು ಸೇರಿಸಬೇಕೆಂದು ಒಂದು ಸುತ್ತೋಲೆ ಹೊರಡಿಸಿ. ಸಹಕಾರ ಸಂಘಗಳಿಗೂ ಅದೇ ಸಲಹೆ ಹೋಗಲಿ. ಮೊದಲನೆಯ ಕಲಂನಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಹೆಸರು ಮತ್ತು ಆವೃತ್ತಿ, ಎರಡನೆಯದರಲ್ಲಿ ಅದರ ಬೆಂಬಲ ಮುಗಿಯುವ ದಿನಾಂಕ, ಮೂರನೆಯದರಲ್ಲಿ ಆ ಯಂತ್ರ ಯಾವುದಕ್ಕೆ ಅಂಟಿಕೊಂಡಿದೆ ಎಂಬ ವಿವರ. ಇಂಟರ್ನೆಟ್ಟಿಗೋ, ಪರೀಕ್ಷಾ ಯಂತ್ರಕ್ಕೋ, ಡಿಜಿಟಲ್ ಸಹಿ ಹಾಕಲು ಚುಚ್ಚುವ ಟೋಕನ್ನಿಗೋ, ಜನರ ಆಧಾರ್, ಬ್ಯಾಂಕ್ ವಿವರಗಳಿರುವ ಕಡತಗಳಿಗೋ? ಈ ಮೂರನೆಯ ಕಲಂ ಬಹಳ ಮುಖ್ಯ. ಯಾವುದನ್ನು ಮೊದಲು ಬದಲಿಸಬೇಕೆಂಬುದನ್ನು ಯಂತ್ರದ ವಯಸ್ಸು ಹೇಳುವುದಿಲ್ಲ, ಈ ಕಲಂ ಹೇಳುತ್ತದೆ. ಶಾಲೆಯ ಲ್ಯಾಬಿನಲ್ಲಿ ಮಕ್ಕಳು ಚಿತ್ರ ಬಿಡಿಸುವ, ಇಂಟರ್ನೆಟ್ಟೇ ಇಲ್ಲದ ಹಳೆಯ ಕಂಪ್ಯೂಟರು ಇನ್ನೂ ನಾಲ್ಕು ವರ್ಷ ಹಾಗೇ ಇರಲಿ, ಯಾರ ಗಂಟೂ ಹೋಗುವುದಿಲ್ಲ. ಅದಕ್ಕಿಂತ ಹೊಸದಾದ, ಆದರೆ ಪಿಂಚಣಿದಾರರ ಖಾತೆ ಸಂಖ್ಯೆಗಳನ್ನು ಹೊತ್ತು ದಿನವಿಡೀ ಇಂಟರ್ನೆಟ್ಟಿನಲ್ಲಿರುವ ವಿಂಡೋಸ್ 10ರ ಯಂತ್ರ ಮೊದಲು ಬದಲಾಗಬೇಕು.

ಎರಡನೆಯ ಕಲಂನ ದಿನಾಂಕಕ್ಕೆ ಹದಿನೆಂಟು ತಿಂಗಳು ಉಳಿದಾಗಲೇ ಆ ಯಂತ್ರ ಕ್ರಿಯಾ ಯೋಜನೆಗೆ ಬರಬೇಕು ಎಂಬುದು ನನ್ನ ಸಲಹೆ. ಹದಿನೆಂಟೇ ಏಕೆಂದರೆ, ವಿಂಡೋಸ್ 10ರ ಉದಾಹರಣೆಯಲ್ಲಿ ಅದು 2024ರ ಏಪ್ರಿಲ್‌ಗೆ, ಅಂದರೆ ಆರ್ಥಿಕ ವರ್ಷದ ಮೊದಲ ತಿಂಗಳಿಗೆ ಸರಿಯಾಗಿ ಬೀಳುತ್ತಿತ್ತು. ಟೆಂಡರಿಗೋ ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲಿನ ಖರೀದಿಗೋ ಸಾವಧಾನವಾಗಿ ಸಮಯ ಸಿಗುತ್ತಿತ್ತು, ಮತ್ತು ಮಾರ್ಚ್ ಕೊನೆಯ ವಾರದಲ್ಲಿ ಉಳಿದ ಅನುದಾನಕ್ಕೆ ಲೆಕ್ಕ ತೋರಿಸಲು ಸಿಕ್ಕಿದ್ದನ್ನು ಕೊಳ್ಳುವ ಪರಿಪಾಠ ತಪ್ಪುತ್ತಿತ್ತು. ಹಾಗೆಂದು ಹೊಸದು ಬಂದ ದಿನವೇ ಹಾರಿಹೋಗಿ ಹಾಕಿಕೊಳ್ಳಬೇಕೆಂದೂ ನಾನು ಹೇಳುವುದಿಲ್ಲ. 2018ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬಿಟ್ಟ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದು, ನವೆಂಬರಿನಲ್ಲಿ ಸರಿಪಡಿಸಿ ಮತ್ತೆ ಬಿಡಬೇಕಾಯಿತು. ಭದ್ರತಾ ತೇಪೆಯನ್ನು ತಡಮಾಡದೆ ಹಾಕಿ. ಹೊಸ ಆವೃತ್ತಿಯನ್ನು ಆರು ತಿಂಗಳು ಬೇರೆಯವರು ಬಳಸಲಿ, ಆಮೇಲೆ ಹಾಕಿ.

ಈಗ ಗಡುವು ದಾಟಿಯೇ ಹೋಗಿದೆಯಲ್ಲ, ಮುಂದೇನು ಎಂಬ ಪ್ರಶ್ನೆ ಬರುತ್ತದೆ. ಹಣ ಕೊಟ್ಟು ಅವಧಿ ವಿಸ್ತರಿಸಿಕೊಳ್ಳುವ ದಾರಿ ಇದೆ. ಮನೆಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗಿನ ಒಂದು ಯೋಜನೆಯಿದ್ದು, ಅದು ಕಚೇರಿಗಳಿಗಾಗಿ ಮಾಡಿದ್ದಲ್ಲ. ಸಂಸ್ಥೆಗಳಿಗೆ ಒಂದು ಯಂತ್ರಕ್ಕೆ ಮೊದಲ ವರ್ಷಕ್ಕೆ 61 ಡಾಲರ್ ಪಟ್ಟಿ ಬೆಲೆ. ಎರಡನೆಯ ವರ್ಷ ಅದರ ಇಮ್ಮಡಿ, ಮೂರನೆಯ ವರ್ಷ ಮತ್ತೆ ಇಮ್ಮಡಿ. ಮೂರನ್ನೂ ಕೂಡಿದರೆ 427 ಡಾಲರ್, ನಮ್ಮ ಲೆಕ್ಕದಲ್ಲಿ 35 ಸಾವಿರ ರೂಪಾಯಿಗೂ ಹೆಚ್ಚು. ಎರಡನೆಯ ವರ್ಷದಿಂದ ಸೇರುತ್ತೇವೆ ಎಂದರೂ ಮೊದಲ ವರ್ಷದ್ದನ್ನು ಕಟ್ಟಲೇಬೇಕು. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಒಂದು, ಎರಡು, ನಾಲ್ಕು ಡಾಲರಿನಂತೆ ತೀರಾ ಅಗ್ಗವಾಗಿ ಕೊಡುತ್ತಾರೆ, ಅರ್ಹತೆಯುಳ್ಳ ಶಾಲಾ ಕಾಲೇಜುಗಳು ಅದನ್ನು ಬಳಸಿಕೊಳ್ಳಬಹುದು. ಉಳಿದ ಕಚೇರಿಗಳು ಮೂರು ವರ್ಷ ಕಟ್ಟುವ ಹಣಕ್ಕೆ ಒಂದು ಸಾಧಾರಣ ಹೊಸ ಕಂಪ್ಯೂಟರೇ ಬರುತ್ತದೆ. ತೀರಾ ತುರ್ತಿನ, ಕೆಲವೇ ಯಂತ್ರಗಳಿಗೆ, ಒಂದೇ ವರ್ಷದ ಮಟ್ಟಿಗೆ ಇದು ಸರಿ, ಪದ್ಧತಿಯಾಗಿ ಸರಿಯಲ್ಲ.

ಇದ್ದ ಯಂತ್ರಕ್ಕೇ ವಿಂಡೋಸ್ 11 ಹಾಕಿಬಿಡಬಹುದಲ್ಲ ಎಂದರೆ, ಅದು ಎಲ್ಲ ಯಂತ್ರವನ್ನೂ ಒಪ್ಪಿಕೊಳ್ಳುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಎಂಟನೇ ಪೀಳಿಗೆ ಬಂದದ್ದು 2017ರಲ್ಲಿ, ಆದ್ದರಿಂದ ಅದಕ್ಕೂ ಮುಂಚೆ ಕೊಂಡ ಕಂಪ್ಯೂಟರುಗಳು ಈ ಪಟ್ಟಿಯಿಂದ ಹೊರಗೆ ಉಳಿಯುತ್ತವೆ. ಈ ತಪಾಸಣೆಯನ್ನು ವಂಚಿಸಿ ಐನೂರು ರೂಪಾಯಿಗೆ ವಿಂಡೋಸ್ 11 ಹಾಕಿಕೊಡುವ ಅಂಗಡಿಗಳು ಎಲ್ಲ ಊರಿನ ಬಸ್‌ಸ್ಟ್ಯಾಂಡ್ ಬಳಿಯೂ ಸಿಗುತ್ತವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ, ಪರವಾನಗಿಯೂ ನೆಟ್ಟಗಿರುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಅದು ನಡೆಯಕೂಡದು.

ಈ ಹೊರಗುಳಿದ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಮೆಮೊರಿ 8 ಜಿಬಿಗೆ ಏರಿಸಿ, ಉಬುಂಟು ಎಂಬ ಲಿನಕ್ಸ್, ಅಂದರೆ ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್, ಹಾಕಿದರೆ, ಹೊಸದರ ಬೆಲೆಯ ಸಣ್ಣ ಪಾಲಿನಲ್ಲಿ ಆ ಯಂತ್ರ ಇನ್ನೂ ಐದು ವರ್ಷ ಬಾಳುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷದ ಉಚಿತ ಬೆಂಬಲವಿದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸಿನ ಮೇಲೆಯೇ ಪಾಠ ನಡೆಸುತ್ತಿವೆ. ಕೇಂದ್ರ ಸರ್ಕಾರವೂ 2015ರಲ್ಲೇ ಮುಕ್ತ ತಂತ್ರಾಂಶದ ಬಳಕೆಗೆ ಒಂದು ನೀತಿ ಪ್ರಕಟಿಸಿದೆ. ಕನ್ನಡ ಟೈಪಿಂಗ್ ಹೇಗೆ ಎಂಬ ಅಳುಕು ಬೇಡ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಬೆರಳು ಅದರಲ್ಲೂ ಓಡುತ್ತದೆ. ಗ್ರಂಥಾಲಯದ ಒಂದು ಕಂಪ್ಯೂಟರಿಗೆ ನಾನು ಹೀಗೆ ಮಾಡಿಕೊಟ್ಟು ಒಂದು ವರ್ಷವಾಯಿತು. ಮೊದಲ ವಾರ ಗ್ರಂಥಪಾಲಕರು ದಿನಕ್ಕೆರಡು ಸಲ ಫೋನು ಮಾಡಿದರು. ಈಗ ಮಾಡುವುದಿಲ್ಲ.

ಲಿನಕ್ಸಿನಲ್ಲಿ ತೊಡಕುಗಳೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಡಿಜಿಟಲ್ ಸಹಿಯ ಟೋಕನ್ ಅಲ್ಲಿ ಸುಲಭವಾಗಿ ಓಡುವ ಭರವಸೆಯಿಲ್ಲ, ಹಾಗಾಗಿ ಸಹಿ ಹಾಕುವ ಯಂತ್ರ ವಿಂಡೋಸ್ 11ರದ್ದೇ ಇರಲಿ. ಇದಕ್ಕಿಂತ ದೊಡ್ಡ ತೊಡಕು ಹಳೆಯ ಕನ್ನಡ ಕಡತಗಳದು, ಮತ್ತು ಯಾವ ಹೊಸ ಯಂತ್ರಕ್ಕೆ ಹೋದರೂ ಅದು ಇದ್ದದ್ದೇ. ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್ ಬರುವ ಮುಂಚೆ ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಟೈಪಾದ ನಡಾವಳಿಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತವೆ. "ಹೊಸ ಕಂಪ್ಯೂಟರು ಫೈಲು ಕೆಡಿಸಿಬಿಟ್ಟಿತು" ಎಂದು ಗುಮಾಸ್ತರು ಹೆದರಿ ಹಳೆಯದಕ್ಕೇ ಮರಳುವುದನ್ನು ನಾನೇ ಕಂಡಿದ್ದೇನೆ. ಫೈಲು ಕೆಟ್ಟಿರುವುದಿಲ್ಲ, ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳಿವೆ. ಯಂತ್ರ ಬದಲಿಸುವ ಮೊದಲು ಈ ಪರಿವರ್ತನೆ ಮುಗಿಸಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಒಬ್ಬರು ಕೂತು ಓದಿ ನೋಡಬೇಕು. ಹದಿನೆಂಟು ತಿಂಗಳ ಅವಧಿ ಕೇಳಿದ್ದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ, ಬದಲಿಸಲಾಗದ ಯಂತ್ರಗಳು. ಹಾಲಿನ ಪರೀಕ್ಷಾ ಯಂತ್ರ ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ಕೇಬಲಿನಲ್ಲಿ ಮಾತಾಡುತ್ತದೆ; ಅದರ ತಂತ್ರಾಂಶ ಬರೆದವರು ಈಗ ವ್ಯವಹಾರದಲ್ಲೇ ಇಲ್ಲ. ಇಂಥ ಕಡೆ ಆಪರೇಟಿಂಗ್ ಸಿಸ್ಟಮ್ ಬದಲಿಸಿದರೆ ಪರೀಕ್ಷಾ ಯಂತ್ರವನ್ನೂ ಬದಲಿಸಬೇಕಾಗುತ್ತದೆ. ನಮ್ಮ ಸಂಘದಲ್ಲಿ ಆ ಘಟನೆಯ ನಂತರ ಮಾಡಿದ್ದೇನೆಂದರೆ, ಹಳೆಯ ಯಂತ್ರವನ್ನು ಪೂರ್ತಿ ಅಳಿಸಿ ವಿಂಡೋಸ್ 7ನ್ನೇ ಮತ್ತೆ ಹಾಕಿ, ಇಂಟರ್ನೆಟ್ ತಂತಿ ಕಿತ್ತು, ತಂತಿ ಚುಚ್ಚುವ ಜಾಗಕ್ಕೆ ಕರಿ ಟೇಪು ಅಂಟಿಸಿದೆವು. ಆ ಯಂತ್ರಕ್ಕೆ ಈಗ ಹಾಲು ಅಳೆಯುವುದೊಂದೇ ಕೆಲಸ. ದಿನದ ಲೆಕ್ಕವನ್ನು ಕೆಂಪು ದಾರ ಕಟ್ಟಿದ ಒಂದೇ ಒಂದು ಪೆನ್‌ಡ್ರೈವಿನಲ್ಲಿ ಪಕ್ಕದ ಹೊಸ ಯಂತ್ರಕ್ಕೆ ಒಯ್ಯುತ್ತೇವೆ, ಅದನ್ನು ಬೇರೆಲ್ಲೂ ಚುಚ್ಚುವಂತಿಲ್ಲ. ಬ್ಯಾಂಕು, ಇಮೇಲು ಎಲ್ಲ ಹೊಸದರಲ್ಲಿ. ವಾರಕ್ಕೊಮ್ಮೆ ಲೆಕ್ಕದ ಪ್ರತಿ ಇನ್ನೊಂದು ಡಿಸ್ಕಿನಲ್ಲಿ ಕಾರ್ಯದರ್ಶಿಯ ಮನೆಯ ಬೀರುವಿಗೆ ಹೋಗುತ್ತದೆ. ಇದು ಚೆಂದದ ವ್ಯವಸ್ಥೆಯೇನಲ್ಲ, ಆದರೆ ಇದು ಗೊತ್ತಿದ್ದು ಮಾಡಿದ ತೀರ್ಮಾನ, ಮತ್ತು ಮೂರನೆಯ ಕಲಂನಲ್ಲಿ ಬರೆದಿಟ್ಟ ತೀರ್ಮಾನ.

ವಿಲೇವಾರಿಯ ಬಗ್ಗೆ ಒಂದೇ ಮಾತು. ಗುಜರಿ ಅಂಗಡಿಯೊಂದರಲ್ಲಿ ಬಿಳಿ ಬಣ್ಣದ ದಾಸ್ತಾನು ಸಂಖ್ಯೆ ಇನ್ನೂ ಅಳಿಯದ ಸಿಪಿಯು ಡಬ್ಬಿಯನ್ನು, ಒಳಗೆ ಹಾರ್ಡ್ ಡಿಸ್ಕ್ ಸಮೇತ, ನಾನು ನೋಡಿದ್ದೇನೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಹೋಗುವ ಮೊದಲು ಡಿಸ್ಕ್ ಅಳಿಸಿದ್ದಕ್ಕೆ ಯಾರಾದರೂ ಸಹಿ ಹಾಕಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಜನರ ಮಾಹಿತಿ ಕಾಪಾಡಲು ಸೂಕ್ತ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಕೊಟ್ಟಿದೆ. ದಾಳಿಯಾದರೆ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರಲ್ಲೇ ನಿರ್ದೇಶನ ಬಂದಿದೆ. ನಮಗೆ ಅಂದು ಅದು ಗೊತ್ತಿರಲಿಲ್ಲ. ಆರು ಗಂಟೆ ನಾವು ಚೀಟಿ ಹುಡುಕುವುದರಲ್ಲಿ ಕಳೆದೆವು.

ತಾವು ಹೊರಡಿಸುವ ಸುತ್ತೋಲೆಗೆ ಮಾದರಿಯಾಗಿ ನೋಡಲೆಂದು ನಮ್ಮ ಸಂಘದ ದಾಸ್ತಾನು ಪುಸ್ತಕದ ಒಂದು ಪುಟದ ನಕಲನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಕಲಂಗಳನ್ನು ಅಡಿಕೋಲು ಹಿಡಿದು ಕೈಯಲ್ಲೇ ಎಳೆದದ್ದು. ಹಾಲು ಅಳೆಯುವ ಯಂತ್ರದ ಎದುರು ವಿಂಡೋಸ್ 7, ಅವಧಿ ಮುಗಿದಿದೆ, ಇಂಟರ್ನೆಟ್ ಇಲ್ಲ ಎಂದಿದೆ. ಹೊಸ ಯಂತ್ರದ ಎದುರು ವಿಂಡೋಸ್ 11 ಪ್ರೊ, ಆವೃತ್ತಿ 24ಎಚ್2 ಎಂದು ಬರೆದು, ಆ ಆವೃತ್ತಿಯ ಬೆಂಬಲ ಮುಗಿಯುವ ದಿನವಾದ 2026ರ ಅಕ್ಟೋಬರ್ 13ನ್ನು ಕಾರ್ಯದರ್ಶಿಯವರು ತಾವಾಗಿಯೇ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ